ಪರಿಕರವಾಗಿ ಹುಟ್ಟಿದ ಹೆಡ್‌ಸೆಟ್: ಪ್ಲೇಸ್ಟೇಷನ್ ವಿಆರ್‌2 ಸೊರಗಿದ್ದೇಕೆ?

2025ರ ಆಗಸ್ಟ್‌ನಲ್ಲಿ ಸೋನಿ ಕಂಪನಿಯು ಅಮೆರಿಕದ ಮಾರುಕಟ್ಟೆಯಲ್ಲಿ ತನ್ನ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್‌ನ ಬೆಲೆಯನ್ನು 50 ಡಾಲರ್ ಏರಿಸಿತು. ಡಿಸ್ಕ್ ಡ್ರೈವ್ ಇರುವ ಮಾದರಿಯ ಬೆಲೆ 549.99 ಡಾಲರ್ ಆಯಿತು. ಇದೇ ಕನ್ಸೋಲ್‌ಗೆ ಜೋಡಿಸಿ ತಲೆಗೆ ಧರಿಸುವ ಪ್ಲೇಸ್ಟೇಷನ್ ವಿಆರ್‌2 ಎಂಬ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ 2023ರ ಫೆಬ್ರವರಿ 22ರಂದು ಮಾರಾಟಕ್ಕೆ ಬಂದಾಗ ಅದರ ಬೆಲೆಯೂ ಸರಿಯಾಗಿ ಇಷ್ಟೇ ಇತ್ತು. ನಡುವಿನ ಎರಡೂವರೆ ವರ್ಷಗಳಲ್ಲಿ ಕನ್ಸೋಲ್ ತುಟ್ಟಿಯಾಯಿತು, ಹೆಡ್‌ಸೆಟ್ ಅಗ್ಗವಾಯಿತು. 2025ರ ಮಾರ್ಚ್‌ನಲ್ಲಿ ಅದರ ಬೆಲೆ 399.99 ಡಾಲರ್‌ಗೆ ಇಳಿಯಿತು. ಎಲೆಕ್ಟ್ರಾನಿಕ್ ಸರಕಿನ ಬೆಲೆ ಕಾಲಕ್ರಮದಲ್ಲಿ ಇಳಿಯುವುದು ಹೊಸ ಸಂಗತಿಯಲ್ಲ. ಆದರೆ ಗೇಮ್ ಯಂತ್ರಗಳ ಬೆಲೆ ಒಂದರ ಹಿಂದೊಂದು ಏರುತ್ತಿದ್ದ ವರ್ಷದಲ್ಲಿ ಇದೊಂದರ ಬೆಲೆ ಮಾತ್ರ 150 ಡಾಲರಿನಷ್ಟು ಕೆಳಗಿಳಿಯಿತು ಎಂದರೆ, ಕೊಳ್ಳುವವರು ಸಾಕಷ್ಟು ಸಿಗಲಿಲ್ಲ ಎಂದೇ ತಿಳಿಯಬೇಕಾಗುತ್ತದೆ.

ಇದು ಕಳಪೆ ಸರಕು ಸೋತ ಕಥೆಯಾಗಿದ್ದರೆ ವಿಶ್ಲೇಷಿಸುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಬಿಡುಗಡೆಯಾದ ಹೊತ್ತಿನಲ್ಲಿ ಸಾಮಾನ್ಯ ಗ್ರಾಹಕರ ಕೈಗೆಟುಕುವ ಬೆಲೆಯಲ್ಲಿದ್ದ ವಿಆರ್ ಸಾಧನಗಳ ಪೈಕಿ ಅತ್ಯಂತ ಮುಂದುವರಿದವುಗಳಲ್ಲಿ ಇದೂ ಒಂದಾಗಿತ್ತು; ಹಲವು ವಿಷಯಗಳಲ್ಲಿ ಈಗಲೂ ಅದರ ಸರಿಸಮಕ್ಕೆ ಬರುವ ಸಾಧನಗಳು ಆ ಬೆಲೆಯಲ್ಲಿ ಕಡಿಮೆ. ಹಾಗಾಗಿ ಸೋಲಿನ ಕಾರಣವನ್ನು ಮಸೂರದಲ್ಲಿ, ಪರದೆಯಲ್ಲಿ, ಚಿಪ್‌ಗಳಲ್ಲಿ ಹುಡುಕುವುದು ವ್ಯರ್ಥ. ಸೋನಿ ಈ ಹೆಡ್‌ಸೆಟ್‌ಗೆ ತನ್ನ ವ್ಯವಹಾರದೊಳಗೆ ಯಾವ ಸ್ಥಾನ ಕೊಟ್ಟಿತು ಎಂಬುದರಲ್ಲಿ ಆ ಕಾರಣ ಇದೆ ಎಂಬುದು ನನ್ನ ವಾದ. ಬೆಲೆಯಲ್ಲಿ ಕನ್ಸೋಲ್‌ನ ಸಮಕ್ಕೆ ನಿಂತ, ತನ್ನದೇ ಆಟಗಳನ್ನು ಬೇಡುವ ಯಂತ್ರವೊಂದನ್ನು ಕಂಪನಿ ಹೆಚ್ಚುವರಿ ಕಂಟ್ರೋಲರ್‌ನಂಥ ಪರಿಕರವಾಗಿಯೇ ನಡೆಸಿಕೊಂಡಿತು.

ಮನೆಯ ಗೇಮ್ ಯಂತ್ರಕ್ಕೆ ವಿಆರ್ ಜೋಡಿಸುವ ಹಂಬಲ ಮೂವತ್ತು ವರ್ಷಕ್ಕೂ ಹಳೆಯದು. ಜಪಾನಿನ ಸೆಗಾ ಕಂಪನಿ ತನ್ನ ಕನ್ಸೋಲ್‌ಗಾಗಿ ಸೆಗಾ ವಿಆರ್ ಎಂಬ ಹೆಡ್‌ಸೆಟ್ ಅನ್ನು 1993ರ ಪ್ರದರ್ಶನದಲ್ಲಿ ತೋರಿಸಿತಾದರೂ ಅದು ಅಂಗಡಿಗೆ ಬರಲೇ ಇಲ್ಲ. ನಿಂಟೆಂಡೊ 1995ರಲ್ಲಿ ತಂದ ವರ್ಚುವಲ್ ಬಾಯ್, ಸ್ಟ್ಯಾಂಡಿನ ಮೇಲಿಟ್ಟು ಮುಖ ಒಡ್ಡಿ ನೋಡಬೇಕಾದ, ಕೆಂಪು ಬಣ್ಣವೊಂದನ್ನೇ ತೋರಿಸುವ ಯಂತ್ರವಾಗಿತ್ತು. ಒಂದು ವರ್ಷ ತುಂಬುವಷ್ಟರಲ್ಲಿ ಅದರ ಕಥೆ ಮುಗಿಯಿತು. ಆಮೇಲೆ ಈ ಕ್ಷೇತ್ರದಲ್ಲಿ ಗಂಭೀರ ಚಲನೆ ಕಂಡದ್ದು 2014ರ ಮಾರ್ಚ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸೋನಿಯ ಶುಹೇ ಯೊಶಿದಾ ‘ಪ್ರಾಜೆಕ್ಟ್ ಮಾರ್ಫಿಯಸ್’ ಹೆಸರಿನ ಹೆಡ್‌ಸೆಟ್ ಅನ್ನು ಅನಾವರಣಗೊಳಿಸಿದರು. ಅದಾಗಿ ಒಂದು ವಾರಕ್ಕೆ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್‌ಗೆ ವಿಆರ್ ಹೆಡ್‌ಸೆಟ್ ತಯಾರಿಸುವ ಆಕ್ಯುಲಸ್ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು. ಮುಂದಿನ ಹತ್ತು ವರ್ಷಗಳ ಪೈಪೋಟಿಯ ಇಬ್ಬರು ಮುಖ್ಯ ಸ್ಪರ್ಧಿಗಳು ಹೀಗೆ ಒಂದೇ ತಿಂಗಳಲ್ಲಿ ಕಣಕ್ಕಿಳಿದಿದ್ದರು.

ಮಾರ್ಫಿಯಸ್ 2016ರ ಅಕ್ಟೋಬರ್ 13ರಂದು ಪ್ಲೇಸ್ಟೇಷನ್ ವಿಆರ್ ಎಂಬ ಹೆಸರಿನಲ್ಲಿ ಬಂತು. ಮನೆಯಲ್ಲಿದ್ದ ಸಾಮಾನುಗಳನ್ನೇ ಹೊಂದಿಸಿಕೊಂಡು ಮಾಡಿದ ಅಡುಗೆಯಂತಿತ್ತು ಅದು. ಕೈಯಲ್ಲಿ ಹಿಡಿಯುವ ಮೂವ್ ಕಂಟ್ರೋಲರ್‌ಗಳು 2010ರಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ತಯಾರಾದವು. ಅವುಗಳಲ್ಲಿ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ಇರಲಿಲ್ಲವಾದ್ದರಿಂದ ಆಟದೊಳಗೆ ನಾಲ್ಕು ಹೆಜ್ಜೆ ನಡೆಯುವುದೂ ಒಂದು ಸರ್ಕಸ್ ಆಗುತ್ತಿತ್ತು. ಟಿವಿಯ ಮುಂದಿಟ್ಟ ಒಂದೇ ಕ್ಯಾಮೆರಾ ಹೆಡ್‌ಸೆಟ್‌ನ ಒಂಬತ್ತು ದೀಪಗಳನ್ನು ನೋಡಿ ತಲೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿತ್ತು. ಕನ್ಸೋಲ್ ಮತ್ತು ಹೆಡ್‌ಸೆಟ್‌ಗಳ ನಡುವೆ ಇನ್ನೊಂದು ಪುಟ್ಟ ಪೆಟ್ಟಿಗೆ, ಅದರ ಸುತ್ತ ಕೇಬಲ್‌ಗಳ ಗೋಜಲು. ಮೊದಲ ಆವೃತ್ತಿಯ ಆ ಪೆಟ್ಟಿಗೆಗೆ ಎಚ್‌ಡಿಆರ್ (ಬೆಳಕು-ನೆರಳುಗಳನ್ನು ಹೆಚ್ಚು ಎದ್ದು ತೋರಿಸುವ) ಚಿತ್ರಸಂಕೇತವನ್ನು ಟಿವಿಗೆ ದಾಟಿಸಲು ಬರುತ್ತಿರಲಿಲ್ಲ. ಟಿವಿಯಲ್ಲಿ ಎಚ್‌ಡಿಆರ್ ಆಟ ಆಡಬೇಕೆಂದವರು ಕೇಬಲ್ ಕಿತ್ತು ಬೇರೆ ಕಡೆ ಸಿಕ್ಕಿಸಬೇಕಾಗುತ್ತಿತ್ತು. ಇಷ್ಟೆಲ್ಲ ಕೊರತೆಗಳಿದ್ದೂ ಅದು 2019ರ ಕೊನೆಗೆ 50 ಲಕ್ಷ ಮಾರಾಟವಾಯಿತು. ಆ ಕಾಲಕ್ಕೆ ವಿಆರ್‌ನಲ್ಲಿ ಅದು ದೊಡ್ಡ ಸಂಖ್ಯೆಯೇ.

ಆದ್ದರಿಂದ ಎರಡನೆಯ ಹೆಡ್‌ಸೆಟ್ ವಿನ್ಯಾಸಗೊಳಿಸಿದವರ ಮುಂದೆ ದೂರುಗಳ ಪಟ್ಟಿ ಸಿದ್ಧವಾಗಿಯೇ ಇತ್ತು, ಅವರು ಅದನ್ನು ಒಂದೊಂದಾಗಿ ತೀರಿಸಿದರು. ನಡುವಿನ ಪೆಟ್ಟಿಗೆ ಹೋಯಿತು. ಕನ್ಸೋಲ್‌ನ ಮುಂಭಾಗದ ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ 4.5 ಮೀಟರ್ ಉದ್ದದ ಒಂದೇ ಕೇಬಲ್ ಉಳಿಯಿತು. ಹೊರಗಿನ ಕ್ಯಾಮೆರಾ ಹೋಯಿತು. ಹೆಡ್‌ಸೆಟ್‌ನಲ್ಲೇ ಕೂಡಿಸಿದ ನಾಲ್ಕು ಕ್ಯಾಮೆರಾಗಳು ಕೋಣೆಯನ್ನು ನೋಡಿ ತಲೆಯ ಮತ್ತು ಕೈಗಳ ಸ್ಥಾನವನ್ನು ಗುರುತಿಸತೊಡಗಿದವು. ಹಳೆಯ ಮೂವ್ ಬದಲು ಸೆನ್ಸ್ ಎಂಬ ಹೊಸ ಕಂಟ್ರೋಲರ್‌ಗಳು ಬಂದವು. ಬೆರಳು ಗುಂಡಿಯನ್ನು ಒತ್ತದೆ ಬರೀ ತಾಗಿದ್ದರೂ ಅವಕ್ಕೆ ತಿಳಿಯುತ್ತದೆ, ಆಟದಲ್ಲಿ ಬಿಲ್ಲಿನ ಹೆದೆ ಎಳೆದರೆ ತೋರುಬೆರಳಿನ ಗುಂಡಿಯಾದ ಟ್ರಿಗರ್ ಬಿಗಿಯಾಗುತ್ತದೆ.

ಪರದೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಹಳೆಯದರಲ್ಲಿ ಪ್ರತಿ ಕಣ್ಣಿಗೆ ಅಡ್ಡ 960, ಉದ್ದ 1080 ಪಿಕ್ಸೆಲ್ ಇದ್ದವು. ಹೊಸದರಲ್ಲಿ 2000 ಮತ್ತು 2040, ಅಂದರೆ ಸುಮಾರು ನಾಲ್ಕು ಪಟ್ಟು. ಎರಡೂ ಕಣ್ಣು ಸೇರಿದರೆ 81 ಲಕ್ಷ ಚಿಲ್ಲರೆ ಪಿಕ್ಸೆಲ್. ಒಂದು 4ಕೆ ಟಿವಿಯ 83 ಲಕ್ಷಕ್ಕೆ ಹತ್ತಿರ ಹತ್ತಿರ. ವ್ಯತ್ಯಾಸ ಇರುವುದು ವೇಗದಲ್ಲಿ. ಟಿವಿಯ ಆಟ ಸೆಕೆಂಡಿಗೆ 30 ಅಥವಾ 60 ಚಿತ್ರಗಳಲ್ಲಿ ಸಾಗಿದರೂ ನೋಡುಗರಿಗೆ ತೊಂದರೆಯಿಲ್ಲ, ವಿಆರ್‌ನಲ್ಲಿ 90 ಅಥವಾ 120 ಚಿತ್ರ ಬೇಕು. ಸೆಕೆಂಡಿಗೆ 120 ಎಂದರೆ ಒಂದೊಂದು ಚಿತ್ರವನ್ನು ಬಿಡಿಸಲು ಯಂತ್ರಕ್ಕೆ ಸಿಗುವ ಸಮಯ ಸುಮಾರು 8.3 ಮಿಲಿಸೆಕೆಂಡ್. ತಲೆ ತಿರುಗಿಸಿದ್ದಕ್ಕೂ ಕಣ್ಣೆದುರಿನ ದೃಶ್ಯ ತಿರುಗುವುದಕ್ಕೂ ನಡುವಿನ ಅಂತರ 20 ಮಿಲಿಸೆಕೆಂಡ್ ಮೀರಿದರೆ ಅನೇಕರಿಗೆ ತಲೆಸುತ್ತು, ಓಕರಿಕೆ ಶುರುವಾಗುತ್ತದೆ. ಟಿವಿಗೆಂದು ಲೆಕ್ಕ ಹಾಕಿ ಕಟ್ಟಿದ ಪ್ಲೇಸ್ಟೇಷನ್ 5ಕ್ಕೆ ಇದು ನೇರದಾರಿಯಲ್ಲಿ ಪೂರೈಸಲಾಗದ ಬೇಡಿಕೆ. ಅಡ್ಡದಾರಿಯನ್ನು ಕಣ್ಣಿನ ರಚನೆಯಲ್ಲೇ ಹುಡುಕಬೇಕಾಯಿತು.

ಮನುಷ್ಯನ ಕಣ್ಣಿಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ದೃಷ್ಟಿಯ ನಟ್ಟನಡುವಿನ ಸುಮಾರು ಎರಡು ಡಿಗ್ರಿಯಷ್ಟು ಕಿರಿದಾದ ಜಾಗ ಮಾತ್ರ. ಕೈ ಚಾಚಿ ಹಿಡಿದರೆ ಹೆಬ್ಬೆರಳಿನ ಉಗುರು ಮುಚ್ಚುವಷ್ಟು. ಉಳಿದದ್ದೆಲ್ಲ ಅಕ್ಷಿಪಟದ ಅಂಚಿನಲ್ಲಿ ಮಸುಕಾಗಿ ಬೀಳುತ್ತದೆ. ಕಣ್ಣುಗುಡ್ಡೆ ಕ್ಷಣಕ್ಷಣಕ್ಕೂ ಹೊರಳುತ್ತಿರುವುದರಿಂದ ಮತ್ತು ಮಿದುಳು ತುಂಡುಗಳನ್ನು ಹೊಲಿದು ಕೊಡುವುದರಿಂದ ನಮಗೆ ಎಲ್ಲವೂ ಸ್ಪಷ್ಟ ಎಂಬ ಭಾವನೆ ಬರುತ್ತದೆ. ವಿಆರ್‌2ರೊಳಗೆ ಪ್ರತಿ ಕಣ್ಣಿನ ಬಳಿ ಅತಿಗೆಂಪು ಬೆಳಕಿನ ಕ್ಯಾಮೆರಾ ಇದೆ. ಸ್ವೀಡನ್ನಿನ ಟೋಬಿ ಕಂಪನಿಯ ತಂತ್ರಜ್ಞಾನ ಬಳಸಿ ಅದು ಕಣ್ಣಪಾಪೆ ಯಾವ ದಿಕ್ಕಿಗಿದೆ ಎಂದು ಹೇಳುತ್ತದೆ. ನೋಡುತ್ತಿರುವ ಜಾಗವನ್ನಷ್ಟೇ ಕನ್ಸೋಲ್ ಪೂರ್ಣ ವಿವರದಲ್ಲಿ ಬಿಡಿಸುತ್ತದೆ, ಸುತ್ತಲಿನದನ್ನು ಒರಟಾಗಿ ಬಿಟ್ಟುಬಿಡುತ್ತದೆ. ಆಟಗಳನ್ನು ಕಟ್ಟುವ ತಂತ್ರಾಂಶ ಒದಗಿಸುವ ಯುನಿಟಿ ಕಂಪನಿ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಈ ವಿಧಾನದಿಂದ ಚಿತ್ರ ಬಿಡಿಸುವ ಕೆಲಸ ಗರಿಷ್ಠ 3.6 ಪಟ್ಟು ವೇಗವಾಗಬಲ್ಲದು. ಆಡುವವರಿಗೆ ಈ ಮೋಸ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕುಳಿತು ಟಿವಿಯಲ್ಲಿ ಅದೇ ಚಿತ್ರವನ್ನು ನೋಡುವವರಿಗೆ ಮಾತ್ರ ಕೆಲವೊಮ್ಮೆ ಅಂಚುಗಳು ಮಸುಕಾಗಿರುವುದು ಕಾಣುತ್ತದೆ.

ಕಣ್ಣಿನ ಜಾಡು ಹಿಡಿಯುವ ಈ ವ್ಯವಸ್ಥೆ ಆಟದ ಸ್ವರೂಪವನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಸಿನಾಪ್ಸ್ ಎಂಬ ಆಟದಲ್ಲಿ ಎದುರಿನ ಪೀಪಾಯಿಯನ್ನೋ ಬಂಡೆಯನ್ನೋ ಕಣ್ಣಿನಿಂದ ದಿಟ್ಟಿಸಿ ಟ್ರಿಗರ್ ಒತ್ತಿದರೆ ಅದು ಮೇಲೇಳುತ್ತದೆ, ಕೈ ಬೀಸಿದತ್ತ ಹಾರುತ್ತದೆ. ಗುರಿ ಹಿಡಿಯುವ ಕೆಲಸ ಕೈಯಿಂದ ಕಣ್ಣಿಗೆ ವರ್ಗವಾಗಿದೆ. ಸ್ವಿಚ್‌ಬ್ಯಾಕ್ ಎಂಬ ಭಯಾನಕ ಆಟದ ಒಂದು ಭಾಗದಲ್ಲಿ ನಾವು ರೆಪ್ಪೆ ಮುಚ್ಚಿದಾಗಲೆಲ್ಲ ಅಂಗಡಿಯ ಗೊಂಬೆಗಳು ಒಂದು ಹೆಜ್ಜೆ ಹತ್ತಿರ ಬಂದು ನಿಂತಿರುತ್ತವೆ. ಎಷ್ಟು ಹೊತ್ತು ರೆಪ್ಪೆ ಬಡಿಯದೆ ಇರಲು ಸಾಧ್ಯ? ಟಿವಿಯ ಮುಂದೆ ಕುಳಿತು ಆಡುವ ಯಾವ ಆಟವೂ ಕೊಡಲಾರದ ದಿಗಿಲು ಇದು, ಮತ್ತು ಇದಕ್ಕೆ ಬೇಕಾದ ಯಂತ್ರಾಂಶ ಮನೆಬಳಕೆಯ ಬೆಲೆಯಲ್ಲಿ ಆಗ ಬೇರೆಲ್ಲೂ ಸಿಗುತ್ತಿರಲಿಲ್ಲ ಎಂದರೆ ಹೆಚ್ಚು ತಪ್ಪಾಗದು.

ಕೊರತೆಗಳು ಇಲ್ಲವೆಂದಲ್ಲ. ಬಳೆಬಳೆಯಾಗಿ ಗೀರಿದ ಫ್ರೆನೆಲ್ ಮಸೂರಗಳನ್ನು ಬಳಸಿರುವುದರಿಂದ ಕಣ್ಣು ಮಸೂರದ ಸರಿಮಧ್ಯಕ್ಕೆ ಕೂಡದಿದ್ದರೆ ದೃಶ್ಯ ಮಂಜಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ, ಮೆಟಾ (ಹಿಂದಿನ ಫೇಸ್‌ಬುಕ್) ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ತೆಳುವಾದ ಪ್ಯಾನ್‌ಕೇಕ್ ಮಸೂರ ಬಳಸಿದ್ದರಿಂದ ಹೋಲಿಕೆಯಲ್ಲಿ ಸೋನಿಯದು ಹಳತಾಗಿ ಕಂಡಿತು. ಆದರೆ ಪ್ಯಾನ್‌ಕೇಕ್ ಮಸೂರ ಪರದೆಯ ಬೆಳಕಿನ ಬಹುಪಾಲನ್ನು ತಾನೇ ನುಂಗಿಬಿಡುತ್ತದೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆಯ ಗಾಢವಾದ ಕಪ್ಪು ಮತ್ತು ಎಚ್‌ಡಿಆರ್‌ನ ಹೊಳಪನ್ನು ಉಳಿಸಿಕೊಳ್ಳಬೇಕಿದ್ದರೆ ಫ್ರೆನೆಲ್ ಆಯ್ಕೆಗೆ ಅರ್ಥವಿತ್ತು. ಗ್ರಾನ್ ಟುರಿಸ್ಮೊ 7ರಂಥ ಭಾರದ ಆಟಗಳು ಸೆಕೆಂಡಿಗೆ 60 ಚಿತ್ರ ಮಾತ್ರ ಬಿಡಿಸಿ ನಡುವಿನದನ್ನು ಲೆಕ್ಕಾಚಾರದಿಂದ ತುಂಬಿ 120 ಮಾಡುವುದರಿಂದ, ಪಕ್ಕದಲ್ಲಿ ಹಾಯುವ ಕಾರುಗಳ ಅಂಚಿನಲ್ಲಿ ನೆರಳಿನಂಥ ಎರಡನೆಯ ಗೆರೆ ಕಾಣಿಸುತ್ತದೆ. ಕೇಬಲ್ ಕಾಲಿಗೆ ತೊಡರುತ್ತದೆ. ಇವೆಲ್ಲ ನಿಜ, ಆದರೆ ಇವುಗಳಲ್ಲಿ ಯಾವುದೂ ಒಂದು ಉತ್ಪನ್ನವನ್ನು ಕೊಲ್ಲುವಂಥದ್ದಲ್ಲ. ಮೊದಲ ಹೆಡ್‌ಸೆಟ್ ಇದಕ್ಕಿಂತ ಎಷ್ಟೋ ಹೆಚ್ಚು ಕೊರತೆಗಳನ್ನು ಹೊತ್ತೇ 50 ಲಕ್ಷ ದಾಟಿತ್ತಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮೊದಲ ಆರು ವಾರಗಳಲ್ಲಿ ವಿಆರ್‌2 ಸುಮಾರು 6 ಲಕ್ಷ ಮಾರಾಟವಾಯಿತು, ಹಳೆಯ ಹೆಡ್‌ಸೆಟ್‌ನ ಅದೇ ಅವಧಿಗಿಂತ ತುಸು ಹೆಚ್ಚು ಎಂದು ಸೋನಿ ತಿಳಿಸಿತು. ಆನಂತರ ಕಂಪನಿ ಅಂಕಿಗಳನ್ನು ಹಾಗೆ ಉತ್ಸಾಹದಿಂದ ಹೇಳುತ್ತ ಬಂದದ್ದು ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕಟಿಸಿದ ವರದಿಯ ಪ್ರಕಾರ, ಅದುವರೆಗೆ 20 ಲಕ್ಷಕ್ಕೂ ಹೆಚ್ಚು ಹೆಡ್‌ಸೆಟ್‌ಗಳನ್ನು ತಯಾರಿಸಿದ್ದ ಸೋನಿ, ಮಾರಾಟವಾಗದ ದಾಸ್ತಾನು ಕರಗುವ ತನಕ ತಯಾರಿಕೆಯನ್ನೇ ನಿಲ್ಲಿಸಿತ್ತು. ತಯಾರಾದ 20 ಲಕ್ಷವೂ ಮಾರಾಟವಾಯಿತೆಂದೇ ಇಟ್ಟುಕೊಳ್ಳೋಣ. 2023ರ ಡಿಸೆಂಬರ್ ಹೊತ್ತಿಗೆ 5 ಕೋಟಿ ಪ್ಲೇಸ್ಟೇಷನ್ 5 ಮಾರಾಟವಾಗಿದ್ದರಿಂದ, ನೂರು ಕನ್ಸೋಲ್‌ಗೆ ನಾಲ್ಕು ಹೆಡ್‌ಸೆಟ್ ಆಯಿತು. ಈಗ ಹಳೆಯದನ್ನು ನೋಡಿ: 2019ರ ಕೊನೆಗೆ ಪ್ಲೇಸ್ಟೇಷನ್ 4ರ ಮಾರಾಟ 10.6 ಕೋಟಿ, ಅದರ ಹೆಡ್‌ಸೆಟ್‌ಗಳು 50 ಲಕ್ಷ. ನೂರಕ್ಕೆ ಐದಕ್ಕಿಂತ ಕಡಿಮೆ. ಒಂದು ಹಳೆಯ ಸಾಮಾನಿನಿಂದ ಹೊಂದಿಸಿದ್ದು, ಇನ್ನೊಂದು ತಳದಿಂದ ಹೊಸದಾಗಿ ಕಟ್ಟಿದ್ದು. ಗುಣಮಟ್ಟದಲ್ಲಿ ಅಜಗಜಾಂತರವಿದ್ದರೂ ಎರಡಕ್ಕೂ ತಲೆ ತಾಗಿದ್ದು ಹೆಚ್ಚುಕಡಿಮೆ ಒಂದೇ ಸೂರಿಗೆ. ತಂತ್ರಜ್ಞಾನ ನಾಲ್ಕು ಪಟ್ಟು ಉತ್ತಮವಾದರೂ ಕೊಳ್ಳುವವರ ಪ್ರಮಾಣ ಕದಲದಿದ್ದರೆ, ಸಮಸ್ಯೆ ತಂತ್ರಜ್ಞಾನದ್ದಲ್ಲ.

ಕನ್ಸೋಲ್ ವ್ಯಾಪಾರದ ಸೂತ್ರ ಸರಳ: ಯಂತ್ರವನ್ನು ಅಸಲಿಗೆ ಅಥವಾ ಅದಕ್ಕಿಂತಲೂ ಕಡಿಮೆಗೆ ಮಾರಿ, ಆಟಗಳಿಂದ ಮತ್ತು ಇತರರು ಮಾರುವ ಆಟಗಳ ಪಾಲಿನಿಂದ ಹಣ ಹುಟ್ಟಿಸುವುದು. ಇದು ನಡೆಯಬೇಕಾದರೆ ಯಂತ್ರ ಕೋಟಿಗಟ್ಟಲೆ ಮನೆ ಸೇರಬೇಕು. ಕನ್ಸೋಲ್‌ನ ಮೇಲೆ ಮತ್ತೊಂದು ಪರಿಕರ ಬಂದಾಗ ಮಾರುಕಟ್ಟೆಯೊಳಗೆ ಪುಟ್ಟದೊಂದು ಮಾರುಕಟ್ಟೆ ಹುಟ್ಟುತ್ತದೆ. ಆಟ ತಯಾರಿಸುವ ಸಂಸ್ಥೆಯ ಕಣ್ಣಿನಿಂದ ನೋಡಿದರೆ ಎದುರಿಗೆ 5 ಕೋಟಿ ಗ್ರಾಹಕರಿರುವಾಗ 20 ಲಕ್ಷ ಮಂದಿಗಾಗಿ ಮಾತ್ರ, ಅದೂ ಹೆಚ್ಚು ಕಷ್ಟದ ಆಟವೊಂದನ್ನು ಯಾಕೆ ಕಟ್ಟಬೇಕು? ಆಟಗಳಿಲ್ಲದ ಹೆಡ್‌ಸೆಟ್ ಅನ್ನು ಗ್ರಾಹಕ ಯಾಕೆ ಕೊಳ್ಳಬೇಕು? ಈ ಎರಡು ಪ್ರಶ್ನೆಗಳು ಒಂದರ ಬಾಲವನ್ನೊಂದು ಕಚ್ಚಿಕೊಂಡಿವೆ. ಅದನ್ನು ಬಿಡಿಸುವ ಶಕ್ತಿ ಇರುವುದು ಯಂತ್ರ ಮಾಡಿದ ಕಂಪನಿಗೆ ಮಾತ್ರ, ಅದೂ ಸ್ವಂತ ದುಡ್ಡು ಸುರಿದು.

ಪರಿಕರಗಳು ಯಾವತ್ತೂ ಗೆದ್ದಿಲ್ಲವೇ ಎಂದು ಕೇಳಬಹುದು. ಮೈಕ್ರೋಸಾಫ್ಟ್‌ನ ಕಿನೆಕ್ಟ್ ಗೆದ್ದಿತ್ತು, ಕೆಲಕಾಲ. ಮೈಚಲನೆಯನ್ನು ಗ್ರಹಿಸುವ ಆ ಕ್ಯಾಮೆರಾ 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ ಬಂದಾಗ ಎರಡು ತಿಂಗಳಲ್ಲಿ 80 ಲಕ್ಷ ಮಾರಾಟವಾಗಿ ದಾಖಲೆ ಬರೆಯಿತು. 2013ರ ಫೆಬ್ರವರಿಯ ಹೊತ್ತಿಗೆ 7.6 ಕೋಟಿ ಕನ್ಸೋಲ್‌ಗೆ 2.4 ಕೋಟಿ ಕಿನೆಕ್ಟ್, ಅಂದರೆ ಸುಮಾರು ಮೂರಕ್ಕೆ ಒಂದು. ಒಂದು ಆಟವೂ ಸೇರಿ ಅದರ ಬೆಲೆ 149.99 ಡಾಲರ್ ಆಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಕನ್ಸೋಲ್‌ನ ಬೆಲೆಗಿಂತ ಸ್ಪಷ್ಟವಾಗಿ ಕಡಿಮೆ. ಪ್ಲೇಸ್ಟೇಷನ್ 4ರ ತೆಳು ಮಾದರಿ 299 ಡಾಲರ್‌ಗೆ ಸಿಗುತ್ತಿದ್ದಾಗ ಮೊದಲ ಪಿಎಸ್ ವಿಆರ್‌ಗೆ 399 ಡಾಲರ್, ಅದರ ಮೇಲೆ ಕ್ಯಾಮೆರಾ ಮತ್ತು ಮೂವ್‌ಗೆ ಬೇರೆ ಹಣ. ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿ 499 ಡಾಲರ್ ಇದ್ದಾಗ ವಿಆರ್‌2ಕ್ಕೆ 549.99. ಕಿವಿಗಿಂತ ಓಲೆ ಭಾರವಾದರೆ ಧರಿಸುವವರು ಎಷ್ಟು ಮಂದಿ ಸಿಕ್ಕಾರು? ಕಿನೆಕ್ಟ್ ಕಥೆಯ ಕೊನೆಯೂ ಸುಖಾಂತವಲ್ಲ. ಎಕ್ಸ್‌ಬಾಕ್ಸ್ ಒನ್ ಜತೆ ಅದನ್ನು ಕಡ್ಡಾಯವಾಗಿ ಸೇರಿಸಿ 499 ಡಾಲರ್ ಇಟ್ಟ ಮೈಕ್ರೋಸಾಫ್ಟ್, ವರ್ಷ ತುಂಬುವ ಮೊದಲೇ ಕಡ್ಡಾಯವನ್ನು ಕೈಬಿಟ್ಟು ಕನ್ಸೋಲ್ ಬೆಲೆಯನ್ನು 399ಕ್ಕೆ ಇಳಿಸಬೇಕಾಯಿತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ಮೂರರಲ್ಲೊಂದು ಮನೆಗೆ ತಲುಪಿದ ಪರಿಕರಕ್ಕೇ ಈ ಗತಿಯಾದರೆ ನೂರರಲ್ಲಿ ನಾಲ್ಕಕ್ಕೆ ತಲುಪಿದ್ದರ ಪಾಡು ಊಹಿಸಬಹುದು.

ಇಂಥ ಸ್ಥಿತಿಯಲ್ಲಿ ಸೋನಿಯ ಕೈಯಲ್ಲಿ ಒಂದು ಆಸ್ತಿ ಇತ್ತು: ಮೊದಲ ಹೆಡ್‌ಸೆಟ್‌ನ 50 ಲಕ್ಷ ಗ್ರಾಹಕರು ಮತ್ತು ಆರು ವರ್ಷಗಳಲ್ಲಿ ಬೆಳೆದ ಆಟಗಳ ಭಂಡಾರ. ಅದನ್ನು ಕಂಪನಿ ಬಿಟ್ಟುಕೊಟ್ಟಿತು. ಹಳೆಯ ಪಿಎಸ್ ವಿಆರ್ ಆಟಗಳು ವಿಆರ್‌2ರಲ್ಲಿ ನಡೆಯುವುದಿಲ್ಲ ಎಂದು 2022ರಲ್ಲೇ ಸೋನಿ ಸ್ಪಷ್ಟಪಡಿಸಿತ್ತು. ಹೊಸ ಪೀಳಿಗೆಯ ಅನುಭವ ಕೊಡಲೆಂದೇ ವಿನ್ಯಾಸಗೊಂಡ ಸಾಧನವಾದ್ದರಿಂದ ಹೀಗೆ ಎಂಬುದು ಕೊಟ್ಟ ಕಾರಣ. ತಾಂತ್ರಿಕ ತೊಡಕು ಇದ್ದದ್ದು ನಿಜ. ಹಳೆಯ ಆಟಗಳು ಹೊರಗಿನ ಕ್ಯಾಮೆರಾಕ್ಕೆ ಕಾಣುವ ದೀಪಗಳನ್ನು ನಂಬಿದ್ದವು, ಬೇರೆ ಬಗೆಯ ಗುಂಡಿಗಳಿದ್ದ ಕಂಟ್ರೋಲರ್‌ಗಳಿಗಾಗಿ ಬರೆದವಾಗಿದ್ದವು. ಆದರೂ ಹೆಸರಾಂತ ಆಟಗಳನ್ನಾದರೂ ತಾನೇ ಖರ್ಚು ಹಾಕಿ ಹೊಸ ಸಾಧನಕ್ಕೆ ಒಗ್ಗಿಸುವುದು ಸೋನಿಯಂಥ ಕಂಪನಿಗೆ ಅಸಾಧ್ಯವಾಗಿತ್ತೆಂದು ನಂಬುವುದು ಕಷ್ಟ. ಅದನ್ನು ಆಟ ತಯಾರಕರ ಇಷ್ಟಕ್ಕೆ ಬಿಟ್ಟದ್ದರಿಂದ ಕೆಲವರು ಉಚಿತವಾಗಿ, ಕೆಲವರು ಮತ್ತೆ ಹಣ ಪಡೆದು ಹೊಸ ಆವೃತ್ತಿ ಕೊಟ್ಟರು, ಹಲವರು ಸುಮ್ಮನಾದರು. ರೆಸಿಡೆಂಟ್ ಈವಿಲ್ 7ರ ವಿಆರ್ ರೂಪ ಇಂದಿಗೂ ಹಳೆಯ ಹೆಡ್‌ಸೆಟ್‌ಗೆ ಮಾತ್ರ ಸೀಮಿತ. ಪಿಎಸ್ ವಿಆರ್‌ನ ಶ್ರೇಷ್ಠ ಆಟವೆಂದು ಅನೇಕರು ಕರೆಯುವ ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್‌ದೂ ಅದೇ ಕಥೆ, ಮತ್ತು ಅದು ಸೋನಿಯ ಸ್ವಂತ ಆಟ.

ಆಸ್ಟ್ರೋ ಬಾಟ್‌ನ ಮುಂದಿನ ದಾರಿಯನ್ನು ನೋಡಿದರೆ ಕಂಪನಿಯ ಮನಸ್ಸು ಎಲ್ಲಿತ್ತು ಎಂಬುದು ತಿಳಿಯುತ್ತದೆ. 2018ರಲ್ಲಿ ವಿಆರ್‌ನಲ್ಲಿ ಹೆಸರು ಮಾಡಿದ ಈ ಪುಟ್ಟ ರೋಬಾಟ್‌ನ ಹೊಸ ಆಟ 2024ರ ಸೆಪ್ಟೆಂಬರ್‌ನಲ್ಲಿ ಬಂತು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯನ್ನೂ ಗೆದ್ದಿತು. ಅದರಲ್ಲಿ ವಿಆರ್ ಇರಲಿಲ್ಲ. ಹೆಡ್‌ಸೆಟ್ ಜನಪ್ರಿಯಗೊಳಿಸಲು ಅದಕ್ಕಿಂತ ಒಳ್ಳೆಯ ಹೆಸರು ಸೋನಿಯ ಬಳಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ; ಕೋಟಿಗಟ್ಟಲೆ ಟಿವಿ ಆಟಗಾರರನ್ನು ಬಿಟ್ಟು ಕೆಲವು ಲಕ್ಷ ಹೆಡ್‌ಸೆಟ್ ಮಾಲೀಕರಿಗಾಗಿ ಅದನ್ನು ಕಟ್ಟಲು ಯಾವ ಲೆಕ್ಕಿಗನೂ ಒಪ್ಪುತ್ತಿರಲಿಲ್ಲ ಎಂಬುದೂ ಅಷ್ಟೇ ಸರಿ. ಹೆಡ್‌ಸೆಟ್ ಜತೆಗೇ ಬಂದ ಹೊರೈಜನ್ ಕಾಲ್ ಆಫ್ ದ ಮೌಂಟನ್ ಸೋನಿ ಸ್ವತಃ ವಿಆರ್‌2ಕ್ಕಾಗಿಯೇ ಕಟ್ಟಿಸಿದ ದೊಡ್ಡ ಆಟ. ಗ್ರಾನ್ ಟುರಿಸ್ಮೊ 7ಕ್ಕೆ ವಿಆರ್ ಸೌಲಭ್ಯ ಉಚಿತವಾಗಿ ಸೇರಿತು. ಕ್ಯಾಪ್‌ಕಾಮ್ ಕಂಪನಿ ರೆಸಿಡೆಂಟ್ ಈವಿಲ್‌ನ ಎರಡು ಆಟಗಳಿಗೆ ಹಾಗೆಯೇ ಮಾಡಿತು. ಆಮೇಲೆ ಸೋನಿಯ ಸ್ವಂತ ಸ್ಟುಡಿಯೋಗಳಿಂದ ಆ ಗಾತ್ರದ ಎರಡನೆಯ ಆಟ ಬಂದದ್ದಿಲ್ಲ. 2024ರ ಫೆಬ್ರವರಿಯಲ್ಲಿ ಕಂಪನಿ ಸುಮಾರು 900 ಉದ್ಯೋಗಗಳನ್ನು ಕಡಿತಗೊಳಿಸಿದಾಗ, ಹಳೆಯ ಹೆಡ್‌ಸೆಟ್‌ಗೆ ಬ್ಲಡ್ ಅಂಡ್ ಟ್ರೂತ್ ಎಂಬ ಆಟ ಕೊಟ್ಟಿದ್ದ ಲಂಡನ್ ಸ್ಟುಡಿಯೋವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ವಿಆರ್ ಅನುಭವವಿದ್ದ ಕೈಗಳು ಹೀಗೆ ಚದುರಿದವು.

ಇದೇ ಹೊತ್ತಿಗೆ ಎದುರಾಳಿ ಬೇರೆ ಲೆಕ್ಕದಲ್ಲಿ ನಡೆಯುತ್ತಿದ್ದ. ಫೇಸ್‌ಬುಕ್‌ನಿಂದ ಮೆಟಾ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಬೇರಾವ ಯಂತ್ರದ ಹಂಗೂ ಇಲ್ಲದ ಕ್ವೆಸ್ಟ್ 2 ಹೆಡ್‌ಸೆಟ್ ಅನ್ನು 2020ರಲ್ಲಿ 299 ಡಾಲರ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಸೋನಿಯ ಹೆಡ್‌ಸೆಟ್ ಬೇಕೆಂದರೆ ಅತಿ ಅಗ್ಗದ ಪ್ಲೇಸ್ಟೇಷನ್ 5 ಸೇರಿ ಆರಂಭದಲ್ಲಿ ಸುಮಾರು 950 ಡಾಲರ್ ಬೇಕಾಗುತ್ತಿತ್ತು. ಚಿತ್ರದ ಗುಣಮಟ್ಟದಲ್ಲಿ ಹಿಂದಿದ್ದರೂ ತಂತಿಯಿಲ್ಲದೆ ಎಲ್ಲಿ ಬೇಕಾದರೂ ಧರಿಸಬಹುದಾದ ಅಗ್ಗದ ಸಾಧನವೇ ಜನರಿಗೆ ಹಿಡಿಸಿತು. ಮೆಟಾ ಇದಕ್ಕೆ ತೆತ್ತ ಬೆಲೆ ಮಾತ್ರ ಬೆಚ್ಚಿಬೀಳಿಸುವಂಥದ್ದು: ವಿಆರ್ ಮತ್ತು ಸಂಬಂಧಿತ ಕೆಲಸ ನೋಡಿಕೊಳ್ಳುವ ಅದರ ರಿಯಾಲಿಟಿ ಲ್ಯಾಬ್ಸ್ ವಿಭಾಗದ ನಷ್ಟ 2023ರಲ್ಲಿ 1,610 ಕೋಟಿ ಡಾಲರ್, 2024ರಲ್ಲಿ 1,770 ಕೋಟಿ ಡಾಲರ್. ಜಾಹೀರಾತಿನ ಹಣ ಹೊಳೆಯಾಗಿ ಹರಿಯುವ ಕಂಪನಿ ಇದನ್ನು ತಾಳಿಕೊಳ್ಳಬಹುದು, ಸೋನಿಗೆ ಅದು ಆಗುವ ಮಾತಲ್ಲ. ಆದ್ದರಿಂದ ಸೋನಿಯ ಹಿಂಜರಿಕೆಯನ್ನು ಹೇಡಿತನ ಎನ್ನಲಾರೆ. ಹಿಂಜರಿಯುವುದೇ ಆಗಿದ್ದರೆ ಅಷ್ಟು ದುಬಾರಿಯಾದ, ಅಷ್ಟು ಮಹತ್ವಾಕಾಂಕ್ಷೆಯ ಯಂತ್ರವನ್ನು ಕಟ್ಟಿದ್ದು ಯಾಕೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮೆಟಾ ಸ್ಟುಡಿಯೋಗಳನ್ನೂ ಕೊಳ್ಳುತ್ತ ಹೋಯಿತು. ಪಿಎಸ್ ವಿಆರ್‌ಗೆ ಐರನ್ ಮ್ಯಾನ್ ಆಟ ಕೊಟ್ಟಿದ್ದ ಕ್ಯಾಮಫ್ಲಾಜ್ 2022ರಲ್ಲಿ ಮೆಟಾ ಪಾಲಾಯಿತು. ತಾಳಕ್ಕೆ ತಕ್ಕಂತೆ ಕತ್ತಿ ಬೀಸಿ ಚೌಕಗಳನ್ನು ಕತ್ತರಿಸುವ ಬೀಟ್ ಸೇಬರ್ ಆಟದ ತಯಾರಕರು 2019ರಲ್ಲೇ ಆ ಕಡೆ ಸೇರಿದ್ದರು. ವಿಆರ್‌ನ ಅತ್ಯಂತ ಜನಪ್ರಿಯ ಆಟಗಳಲ್ಲೊಂದು ಪ್ರತಿಸ್ಪರ್ಧಿಯ ಸ್ವತ್ತಾದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬಹಳ ಕಾಯಬೇಕಾಗಲಿಲ್ಲ. 2023ರ ಮೇ ತಿಂಗಳಲ್ಲಿ ವಿಆರ್‌2ಕ್ಕೆ ಬಂದ ಬೀಟ್ ಸೇಬರ್‌ಗೆ ಇನ್ನು ಮುಂದೆ ಪ್ಲೇಸ್ಟೇಷನ್‌ನಲ್ಲಿ ಹೊಸ ಹಾಡುಗಳಾಗಲಿ ಸುಧಾರಣೆಗಳಾಗಲಿ ಬರುವುದಿಲ್ಲ, 2026ರ ಜನವರಿಯಲ್ಲಿ ಅಲ್ಲಿ ಜತೆಯಾಟವೂ ನಿಲ್ಲುತ್ತದೆ ಎಂದು 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು.

ದಾಸ್ತಾನು ಕರಗಿಸಲು ಸೋನಿ ಹಿಡಿದ ಇನ್ನೊಂದು ದಾರಿ ಪಿಸಿ. 2024ರ ಆಗಸ್ಟ್ 7ರಂದು 59.99 ಡಾಲರ್‌ನ ಅಡಾಪ್ಟರ್ ಒಂದನ್ನು ಬಿಡುಗಡೆ ಮಾಡಿ, ವಿಆರ್‌2 ಅನ್ನು ಗೇಮಿಂಗ್ ಪಿಸಿಗೆ ಜೋಡಿಸಿ, ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಆಟಗಳನ್ನು ಆಡಲು ಅನುವು ಮಾಡಿಕೊಟ್ಟಿತು. ಸೋನಿಯ ಕನ್ಸೋಲ್‌ಗೆ ಎಂದೂ ಬಾರದ ಹಾಫ್-ಲೈಫ್ ಅಲಿಕ್ಸ್ ಎಂಬ ವಿಆರ್ ಆಟವನ್ನು ಸೋನಿಯದೇ ಹೆಡ್‌ಸೆಟ್‌ನಲ್ಲಿ ಆಡುವ ಅವಕಾಶ ಹೀಗೆ ಸಿಕ್ಕಿತು. ಆದರೆ ಪಿಸಿಯಲ್ಲಿ ಎಚ್‌ಡಿಆರ್ ಇಲ್ಲ, ಕಣ್ಣಿನ ಜಾಡು ಹಿಡಿಯುವ ಸೌಲಭ್ಯ ಇಲ್ಲ, ಟ್ರಿಗರ್ ಬಿಗಿಯಾಗುವುದಿಲ್ಲ, ಹೆಡ್‌ಸೆಟ್ ಅದುರುವುದಿಲ್ಲ. ಅಂದರೆ ಈ ಸಾಧನವನ್ನು ಇತರವುಗಳಿಂದ ಬೇರೆ ಮಾಡಿದ್ದ ಗುಣಗಳೆಲ್ಲ ಕನ್ಸೋಲ್‌ನಲ್ಲೇ ಉಳಿದವು. ಹವ್ಯಾಸಿ ತಂತ್ರಾಂಶಗಾರರು ಆಮೇಲೆ ಅವುಗಳಲ್ಲಿ ಕೆಲವನ್ನು ತಾವಾಗಿಯೇ ಎಚ್ಚರಗೊಳಿಸಿದರೆಂಬುದು ಬೇರೆ ಮಾತು. 2025ರ ಜೂನ್‌ನಲ್ಲಿ ಆ್ಯಪಲ್ ತನ್ನ ವಿಷನ್ ಪ್ರೊ ಹೆಡ್‌ಸೆಟ್‌ಗೆ ಸೋನಿಯ ಸೆನ್ಸ್ ಕಂಟ್ರೋಲರ್‌ಗಳು ಹೊಂದುತ್ತವೆಂದು ಘೋಷಿಸಿದಾಗ, ಇಡೀ ಸಾಧನಕ್ಕೆ ಸಿಗದ ಮನ್ನಣೆ ಅದರ ಬಿಡಿಭಾಗಕ್ಕೆ ಸಿಕ್ಕಂತಾಯಿತು.

ಹಾಗಾದರೆ ಇದನ್ನು ಈಗ ಕೊಳ್ಳಬಹುದೇ? ಬೆಂಗಳೂರಿನಲ್ಲೋ ಹೊರನಾಡಿನಲ್ಲೋ ಈಗಾಗಲೇ ಪ್ಲೇಸ್ಟೇಷನ್ 5 ಇಟ್ಟುಕೊಂಡಿರುವ ಕನ್ನಡಿಗರಿಗೆ ಉತ್ತರ ಅವರು ಆಡುವ ಆಟಗಳಲ್ಲಿದೆ. ಕಾರು ಓಟದ ಹುಚ್ಚಿದ್ದು, ಸ್ಟೀರಿಂಗ್ ಚಕ್ರವನ್ನೂ ಜೋಡಿಸಿಕೊಂಡಿದ್ದರೆ, ಗ್ರಾನ್ ಟುರಿಸ್ಮೊ 7 ಒಂದಕ್ಕಾಗಿಯೇ ಹೆಡ್‌ಸೆಟ್ ಕೊಂಡವರು ಪಶ್ಚಾತ್ತಾಪಪಡುವುದು ಕಡಿಮೆ. ಕುಳಿತೇ ಆಡುವುದರಿಂದ ಜಾಗದ ಚಿಂತೆಯೂ ಇಲ್ಲ. ಎದ್ದು ನಡೆದಾಡುವ ಆಟಗಳಿಗೆ ಕನಿಷ್ಠ 2 ಮೀಟರ್ ಉದ್ದ, 2 ಮೀಟರ್ ಅಗಲದ ಖಾಲಿ ನೆಲ ಬೇಕೆಂದು ಸೋನಿ ಹೇಳುತ್ತದೆ; ಸೋಫಾ, ಟೀಪಾಯಿ, ದಿವಾನ ತುಂಬಿದ ಬಾಡಿಗೆ ಮನೆಯ ಹಾಲ್‌ನಲ್ಲಿ ಅಷ್ಟು ಜಾಗ ಹೊಂದಿಸುವುದೇ ಒಂದು ಕೆಲಸ. ವರ್ಷಕ್ಕೆ ಹತ್ತಾರು ಹೊಸ ವಿಆರ್ ಆಟಗಳನ್ನು ನಿರೀಕ್ಷಿಸುವವರಿಗೆ, ತಂತಿ ಸಹಿಸದವರಿಗೆ ಕ್ವೆಸ್ಟ್ ಮಾದರಿಯೇ ಸೂಕ್ತ. ಮಕ್ಕಳಿಗಾಗಿ ಕೊಳ್ಳುವವರು 12 ವರ್ಷದೊಳಗಿನವರು ಬಳಸಬಾರದೆಂಬ ಸೋನಿಯ ಸೂಚನೆಯನ್ನು ಮರೆಯಬಾರದು. ಸಾಧ್ಯವಾದರೆ ಗೆಳೆಯರ ಮನೆಯಲ್ಲಿ ಒಮ್ಮೆ ಅರ್ಧ ಗಂಟೆ ಧರಿಸಿ ನೋಡುವುದು ಒಳ್ಳೆಯದು: ತಲೆಪಟ್ಟಿಯನ್ನು ಹಿಂದಿನ ತಿರುಪಿನಿಂದ ಬಿಗಿ ಮಾಡಿ, ಎಡಗಡೆಯ ಮೇಲ್ಭಾಗದ ಚಕ್ರ ತಿರುಗಿಸಿ ಮಸೂರಗಳ ನಡುವಿನ ಅಂತರವನ್ನು ಕಣ್ಣಿಗೆ ಸರಿಹೊಂದಿಸಿಕೊಂಡ ಮೇಲೂ ಅಕ್ಷರಗಳು ಮಂಜಾಗಿಯೇ ಕಂಡರೆ ಅಥವಾ ಹೊಟ್ಟೆ ತೊಳಸಿದಂತಾದರೆ, ಇಳಿದ ಬೆಲೆಯೂ ಅವರ ಪಾಲಿಗೆ ದುಬಾರಿಯೇ.